ಕೆಂಪು ಗುರುತಿನ ಬಸ್ತಿ

ನಾನು ಕೆಲಸ ಮಾಡಿದ ಸಂಸ್ಥೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ಫೋನ್ ಮಾಡಿದ್ದಳು. ಯಾವ ಊರು, ಯಾವ ಬಡಾವಣೆ ಡಿಜಿಟಲ್ ವ್ಯವಸ್ಥೆಗೆ ಸಿದ್ಧವಾಗಿದೆ ಎಂದು ಅಳೆಯುವುದು ಅವಳ ಕೆಲಸ. ಈಗ ಎಲ್ಲ ಪ್ರಶ್ನೆಗಳೂ ಟ್ಯಾಬ್ಲೆಟ್ಟಿನಲ್ಲೇ ಇರುತ್ತವಂತೆ. ಉತ್ತರ ಒತ್ತುತ್ತಾ ಹೋದರೆ ಕೊನೆಗೆ ಅಂಕ ತಾನೇ ಬರುತ್ತದಂತೆ. "ಆಂಟಿ, ನಿಮ್ಮ ಟೈಮಲ್ಲಿ ಇದನ್ನೆಲ್ಲ ಕಾಗದದ ಮೇಲೆ ಮಾಡ್ತಿದ್ರಾ?" ಎಂದು ಕೇಳಿದಳು. ಹೌದು ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳುವಷ್ಟರಲ್ಲಿ ಅವಳ ಮೆಟ್ರೋ ಸುರಂಗದೊಳಗೆ ಹೋಗಿ ಮಾತು ಕಡಿದುಹೋಯಿತು. ಹೇಳಬೇಕೆಂದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಬೀಳ್ಕೊಡುಗೆ, ಶಾಲು ಹಾರಗಳ ವಿಷಯ ಯಾರಿಗೂ ಬೇಡ. ನಾನು ಎಲ್ಲಿ ಎಡವಿದೆ ಎಂಬುದು ಅವಳ ಉಪಯೋಗಕ್ಕೆ ಬಂದೀತು.

ನಾನು ಗದಗಿನವಳು. ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ, ಮದುವೆಯಾಗಿ, ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ಗಂಡನ ಜೊತೆ ದೆಹಲಿಗೆ ಬಂದೆ. ಎರಡು ಸಾವಿರದ ದಶಕ ಶುರುವಾಗುವ ಹೊತ್ತಿಗೆ ನಾನು ಕ್ಷೇತ್ರ ಸಮೀಕ್ಷಕಿಯಾಗಿ ಸಾಕಷ್ಟು ಧೂಳು ಕುಡಿದಿದ್ದೆ. ನಮ್ಮ ಕಚೇರಿ ಹೌಜ್ ಖಾಸಿನಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೈಕಲ್ ತುಳಿಯುತ್ತಾ ಹೋಗುವ ಒಂದು ರಸ್ತೆಯಲ್ಲಿ, ಮನೆಯೊಂದರ ಮೊದಲ ಮಹಡಿಯಲ್ಲಿತ್ತು. ಚಳಿಗಾಲದಲ್ಲಿ ಒಳಗೆ ಕೂರಲಾಗದೆ ಎಲ್ಲರೂ ತಾರಸಿಗೆ ಹೋಗುತ್ತಿದ್ದೆವು. ಬಿಸಿಲಲ್ಲಿ ಚಾಪೆ ಹಾಸಿ, ತುಂಬಿದ ನಮೂನೆಗಳನ್ನು ಊರುವಾರು ಜೋಡಿಸಿ, ಹಾರಿಹೋಗದಂತೆ ಅವುಗಳ ಮೇಲೆ ನಮ್ಮ ಚಪ್ಪಲಿಗಳನ್ನೇ ಇಡುತ್ತಿದ್ದೆವು. ಕಡಲೆಕಾಯಿ ಸಿಪ್ಪೆ, ಕಿತ್ತಳೆ ಸಿಪ್ಪೆ, ಕಾರ್ಬನ್ ಹಾಳೆಯ ನೀಲಿ ಬೆರಳುಗಳು. ಅಂಥ ಬಿಸಿಲು ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ.

ನಮ್ಮ ಮೇಲಧಿಕಾರಿ ಖನ್ನಾ ಸಾಹೇಬರು. ಎತ್ತರದ ಮನುಷ್ಯ, ಹಸಿರು ಶಾಯಿಯ ಪೆನ್ನು, ಕಡಿಮೆ ಮಾತು. ಪ್ರಶ್ನಾವಳಿಯನ್ನು ಅವರೇ ತಯಾರಿಸಿದ್ದರು. ದಿನಕ್ಕೆ ಎಷ್ಟು ಹೊತ್ತು ಕರೆಂಟು ಇರುತ್ತದೆ, ಟೆಲಿಫೋನ್ ಇದೆಯೇ, ಹತ್ತನೇ ತರಗತಿ ಮುಗಿಸಿದವರು ಎಷ್ಟು ಮಂದಿ, ಕಂಪ್ಯೂಟರ್ ಮುಟ್ಟಿದವರು ಯಾರಾದರೂ ಇದ್ದಾರೆಯೇ, ಬೀಗ ಹಾಕಬಹುದಾದ ಕೋಣೆ ಇದೆಯೇ, ಜವಾಬ್ದಾರಿ ಹೊರುವ ಸಮಿತಿ ಇದೆಯೇ. ಉತ್ತರಗಳನ್ನು ಕೂಡಿ ಆ ಜಾಗದ ಹೆಸರಿನ ಮುಂದೆ ಹಸಿರು, ಹಳದಿ ಅಥವಾ ಕೆಂಪು ಗುರುತು ಹಾಕಬೇಕು. ಹಸಿರು ಬಿದ್ದಲ್ಲಿಗೆ ನಾಲ್ಕು ಕಂಪ್ಯೂಟರ್, ಒಂದು ಫೋನ್ ಲೈನ್, ತರಬೇತಿ. ಕೆಂಪು ಬಿದ್ದ ಜಾಗದ ಕಡೆ ವರ್ಷಗಟ್ಟಲೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಗುರುತು ಹಾಕುವ ಕೈ ನನ್ನದು. ಅದರ ಭಾರ ನನಗೆ ಗೊತ್ತಿತ್ತು ಎಂದು ಆಗ ಅಂದುಕೊಂಡಿದ್ದೆ.

ಮೊದಲ ಪಾಠ ಕಲಿಸಿದವನು ಫರೀದಾಬಾದಿನ ಆಚೆಯ ಹಳ್ಳಿಯೊಂದರ ಮುದುಕ. ನಾನು ಹಿಂದಿಯಲ್ಲಿ, ಕಂಪ್ಯೂಟರ್ ಯೋಜನೆಗೆ ನೀವು 'ತೈಯಾರ್' ಇದ್ದೀರಾ ಎಂದು ಕೇಳಿದೆ. ಆತ ಒಳಗೆ ಹೋದ. ತುಂಬ ಹೊತ್ತು ಬರಲಿಲ್ಲ. ಉಳಿದವರನ್ನು ಮಾತಾಡಿಸಿ ಮುಗಿಸುವ ಹೊತ್ತಿಗೆ ಒಗೆದ ಕುರ್ತಾ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಬಂದು ಜೀಪಿನ ಹಿಂದಿನ ಸೀಟಿನಲ್ಲಿ ಕೂತ. "ಚಲೋ ಬೇಟಿ, ತಯಾರಾದೆ" ಎಂದ. ಚೀಲದಲ್ಲಿ ನಾಲ್ಕು ರೊಟ್ಟಿಯಿದ್ದವು. ನಮ್ಮ ಡ್ರೈವರ್ ಸತ್ಬೀರ್ ನಗು ತಡೆಯಲಾರದೆ ಬಾನೆಟ್ ತೆಗೆದು ಎಂಜಿನ್ ನೋಡುವವನಂತೆ ನಟಿಸಿದ. ಆತನನ್ನು ಇಳಿಸಲು ನನಗೆ ಬಾಯೇ ಬರಲಿಲ್ಲ. ಹಳ್ಳಿಯ ಸುತ್ತ ಒಂದು ಸುತ್ತು ಹಾಕಿಸಿ ಮನೆ ಮುಂದೆ ಬಿಟ್ಟೆವು. ಕಚೇರಿಯಲ್ಲಿ ಇದನ್ನು ಹೇಳಿ ವಾರಗಟ್ಟಲೆ ನಗಿಸಿದೆ. ಎಲ್ಲಿಗೆ ಎಂದೂ ಕೇಳದೆ ಹೊರಟವನ ಉತ್ತರವನ್ನು ಮಾತ್ರ ನಾನು 'ಪ್ರಶ್ನೆ ಅರ್ಥವಾಗಿಲ್ಲ' ಎಂಬ ಕಾಲಮಿನಲ್ಲಿ ಬರೆದಿದ್ದೆ.

ಅದೇ ವರ್ಷ ಪಟರಿ ಬಸ್ತಿಗೆ ಹೋದೆ. ಫರೀದಾಬಾದಿನ ಕಾರ್ಖಾನೆಗಳ ಬೆನ್ನಿಗೆ, ರೈಲು ಹಳಿಯ ಪಕ್ಕದಲ್ಲಿ ಬಿಹಾರದಿಂದ, ಪೂರ್ವ ಉತ್ತರ ಪ್ರದೇಶದಿಂದ ಬಂದ ಕಾರ್ಮಿಕರು ಕಟ್ಟಿಕೊಂಡ ಗಲ್ಲಿಗಳು. ಹಳಿಗೆ ಅಲ್ಲಿಯವರು ಪಟರಿ ಎನ್ನುತ್ತಾರೆ, ಇಂಥ ಕೇರಿಗೆ ಬಸ್ತಿ ಎನ್ನುತ್ತಾರೆ, ಅದರಿಂದ ಆ ಹೆಸರು. ಪಾಳಿ ಮುಗಿಸಿ ಬಂದಿದ್ದ ಗಂಡಸರು ಬೇವಿನ ಮರದ ಕೆಳಗೆ ಸೇರಿದರು. ಕಂಪ್ಯೂಟರ್ ಮುಟ್ಟಿದವರು? ಇಲ್ಲ. ಹತ್ತನೇ ತರಗತಿ? ಒಬ್ಬರೂ ಇಲ್ಲ. ಬೀಗದ ಕೋಣೆ? ನಗು. ಸಮಿತಿ? ಮತ್ತೆ ನಗು.

ಹೊರಡುವಾಗ ಗಲ್ಲಿಯ ಬಾಯಲ್ಲಿದ್ದ ಫೋನ್ ಬೂತಿನಿಂದ ಒಬ್ಬ ಹೆಂಗಸು ಕರೆದಳು. ಫೂಲ್ವತಿ, ಐವತ್ತರ ಆಸುಪಾಸು, ವಿಧವೆ. ಊರುಗಳಿಂದ ಬರುವ ಕರೆಗಳೆಲ್ಲ ಅವಳ ಬೂತಿಗೇ. ಓದು ಬರಹ ಬಾರದು, ಅಂಕಿ ಮಾತ್ರ ಗೊತ್ತು. ಒಂದು ನೋಟುಬುಕ್ಕಿನಲ್ಲಿ ಪ್ರತಿ ಮನೆಗೂ ಒಂದು ಚಿತ್ರ ಬರೆದಿಟ್ಟಿದ್ದಳು: ಬಕೆಟ್ಟು, ಮೇಕೆ, ಮುರಿದ ಕುರ್ಚಿ. ಚಿತ್ರದ ಮುಂದೆ ಆ ಮನೆಯವರ ಊರಿನ ಫೋನ್ ನಂಬರು. ಬಂದ ಸುದ್ದಿಯನ್ನು ತಲೆಯಲ್ಲಿಟ್ಟುಕೊಂಡು ಸಂಜೆ ಮನೆಮನೆಗೆ ನಡೆದುಹೋಗಿ ಹೇಳುತ್ತಿದ್ದಳು. ಅವಳು ನನ್ನನ್ನು ಕೇಳಿದ್ದು ಒಂದೇ: "ದೀದಿ, ಬರೆಯೋಕೆ ಬಾರದವರು ಆ ಮಶೀನಿನಿಂದ ಊರಿಗೆ ಕಾಗದ ಕಳಿಸಬಹುದಾ?"

ಮೊದಲು ಅಕ್ಷರ ಕಲಿಯಬೇಕಮ್ಮ ಎಂದು ಹೇಳಿ ಜೀಪು ಹತ್ತಿದೆ. ಅವಳ ಪ್ರಶ್ನೆ ಬರೆದುಕೊಳ್ಳಲು ನಮೂನೆಯಲ್ಲಿ ಜಾಗವಿರಲಿಲ್ಲ. ಕೆಂಪು ಹಾಕಿದೆ. ದಾರಿಯಲ್ಲಿ ಸತ್ಬೀರ್, "ಆ ಬೂತಿನವಳು ಜೋರಿದ್ದಾಳೆ, ಮೇಡಂಜಿ" ಎಂದ. ಹೂಂ ಎಂದೆ, ಅಷ್ಟೇ.

ಹಸಿರು ಬಿದ್ದದ್ದು ದೆಹಲಿಯ ಪೂರ್ವಕ್ಕೆ ಹೊಸದಾಗಿ ಏಳುತ್ತಿದ್ದ ಇಂದಿರಾಪುರಂನ ಒಂದು ಹೌಸಿಂಗ್ ಸೊಸೈಟಿಗೆ. ಅಲ್ಲಿ ಆಗಿನ್ನೂ ಅರ್ಧ ಗೋಪುರಗಳಿಗೆ ಬಣ್ಣ ಆಗಿರಲಿಲ್ಲ. ಆದರೆ ಕರೆಂಟಿತ್ತು, ಜನರೇಟರಿತ್ತು, ಸಮಿತಿ ಇತ್ತು, ಓದಿದವರೇ ತುಂಬಿದ್ದರು. ನೆಲಮಹಡಿಯಲ್ಲಿ ಒಂದು ಕೋಣೆಯನ್ನೂ ಕೊಟ್ಟರು. ನಿವಾಸಿಗಳು, ಅಲ್ಲಿ ಕೆಲಸಕ್ಕೆ ಬರುವವರು, ಕಾವಲುಗಾರರು, ಸುತ್ತಲಿನ ಹಳ್ಳಿಯವರು ಎಲ್ಲರೂ ಬಂದು ಕಲಿಯುವ ಮಾದರಿ ಕೇಂದ್ರ ಎಂದು ಉದ್ಘಾಟನೆಯಾಯಿತು. ಮಾನಿಟರಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದರು. ನಾನೂ ಫೋಟೋದಲ್ಲಿ ನಿಂತೆ.

ಆ ದಿನಗಳಲ್ಲಿ ಫೀಲ್ಡಿನಿಂದ ಬರುವಾಗ ನಾನು ತಪ್ಪದೆ ಇಳಿಯುತ್ತಿದ್ದ ಜಾಗ ದಕ್ಷಿಣ ದೆಹಲಿಯಲ್ಲಿ ಕುಂದಾಪುರದ ಸುಬ್ಬಣ್ಣನವರ ಹೋಟೆಲು. ಅಲ್ಲಿಯ ಫಿಲ್ಟರ್ ಕಾಫಿಯ ಮೊದಲ ಗುಟುಕಿಗೆ ಜೀಪಿನಲ್ಲಿ ಕುಲುಕಿದ ಸೊಂಟ ಸರಿಹೋಗುತ್ತಿತ್ತು. ಒಂದು ಮಧ್ಯಾಹ್ನ ಹೋದಾಗ ಸುಬ್ಬಣ್ಣ ಚಿಂತೆಯಲ್ಲಿದ್ದರು. ಮಗಳು ಪಲ್ಲವಿ ಕಂಪ್ಯೂಟರ್ ತಂದು ಕೂರಿಸಿದ್ದಳು. ಹೊರಗೆ ಆರ್ಡರ್ ಒತ್ತಿದರೆ ಅಡುಗೆಮನೆಯಲ್ಲಿ ಚೀಟಿ ಅಚ್ಚಾಗಿ ಬರುತ್ತಿತ್ತು. ಮೂರು ದಿನದಿಂದ ರವಾ ದೋಸೆ ಕೇಳಿದವರಿಗೆ ರವಾ ಇಡ್ಲಿ ಹೋಗುತ್ತಿತ್ತು. ಇಪ್ಪತ್ತು ವರ್ಷದಿಂದ ಹೆಂಚಿನ ಮುಂದೆ ನಿಂತಿದ್ದ ಅಡುಗೆಯ ಶೀನಣ್ಣ, ಊರಿಗೆ ಹೋಗುತ್ತೇನೆ ಎಂದು ಏಪ್ರನ್ ಬಿಚ್ಚಿಟ್ಟಿದ್ದರು.

"ಅಕ್ಕ, ನೀವು ಇದನ್ನೇ ಅಳೆಯೋರಲ್ವಾ, ನಮ್ಮ ಅಡುಗೆಮನೆಗೆ ಒಂದು ಮಾರ್ಕು ಹಾಕಿ" ಎಂದರು ಸುಬ್ಬಣ್ಣ. ಪಲ್ಲವಿ, "ಶೀನಣ್ಣ ರೆಡಿ ಇಲ್ಲ ಆಂಟಿ, ದಟ್ಸ್ ಇಟ್, ಔರ್ ಕ್ಯಾ" ಎಂದಳು.

ನಾನು ಒಳಗೆ ಹೋಗಿ ಚೀಟಿ ನೋಡಿದೆ. ಎಲ್ಲ ಇಂಗ್ಲಿಷಿನಲ್ಲಿ. ಶೀನಣ್ಣನಿಗೆ ಓದಲು ಬರುವುದು ಕನ್ನಡ ಮಾತ್ರ, ಪಲ್ಲವಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬಾರದು. ಆ ಸಣ್ಣ ಪ್ರಿಂಟರಿಗೂ ಕನ್ನಡ ಬಾರದು. ಶೀನಣ್ಣ ನನ್ನ ಮುಖ ನೋಡದೆ ಹೇಳಿದರು: "ನಾನು ಬೇಡ ಅಂದೆನಾ? ನಂಗೆ ಅಂಕಿ ಬರತ್ತೆ. ಸಾದಾ ದೋಸೆ ಒಂದು, ಮಸಾಲೆ ಎರಡು, ರವಾ ಮೂರು ಅಂತ ಹಾಕ್ಲಿ. ನಾ ಹೇಳಿದ್ದು ಯಾರು ಕೇಳ್ತಾರೆ?"

ಪಲ್ಲವಿ ಒಂದು ಗಂಟೆಯಲ್ಲಿ ಹೆಸರುಗಳ ಬದಲು ಅಂಕಿ ಹಾಕಿದಳು. ಶೀನಣ್ಣ ಏಪ್ರನ್ ಕಟ್ಟಿದರು. ಸಂಜೆಯ ಜನಕ್ಕೆ ಒಂದು ತಟ್ಟೆಯೂ ತಪ್ಪಾಗಿ ಹೋಗಲಿಲ್ಲ. ನಾನು ಕಾಫಿ ಆರಿಹೋಗುವವರೆಗೆ ಕೂತಿದ್ದೆ. ಸಿದ್ಧವಿಲ್ಲದ್ದು ಶೀನಣ್ಣ ಅಲ್ಲ, ಆ ಚೀಟಿ. ಇಷ್ಟು ವರ್ಷ ನಾನು ಜನರನ್ನು ಅಳೆದಿದ್ದೆ. ಅವರ ಮುಂದೆ ಇಡುತ್ತಿದ್ದ ಯಂತ್ರವನ್ನು ಒಮ್ಮೆಯೂ ಅಳೆದಿರಲಿಲ್ಲ. ಬೂತಿನ ಹೆಂಗಸಿಗೆ ನಾನು ಕೊಟ್ಟ ಉತ್ತರ ನೆನಪಾಗಿ ನಾಚಿಕೆಯಾಯಿತು.

ಕೆಲವೇ ವಾರಗಳಲ್ಲಿ ಇಂದಿರಾಪುರಂ ಕೇಂದ್ರಕ್ಕೆ ಒಂದು ವರ್ಷ ತುಂಬಿತು. ಅದರ ಯಶಸ್ಸಿನ ವರದಿ ಬರೆದು ತಾ ಎಂದು ನನ್ನನ್ನೇ ಕಳಿಸಿದರು. ಕೋಣೆಗೆ ಬೀಗ. ಸೊಸೈಟಿಯ ಕಾರ್ಯದರ್ಶಿ ತಮ್ಮ ಕೆಲಸದಿಂದ ಬರುವವರೆಗೆ ಮೆಟ್ಟಿಲ ಮೇಲೆ ಕಾದೆ. ಬಾಗಿಲು ತೆಗೆದಾಗ ನಾಲ್ಕು ಯಂತ್ರಗಳಿಗೂ ಹೂವಿನ ಚಿತ್ತಾರದ ಹೊದಿಕೆ ಇತ್ತು. ಎರಡರ ಕೀಬೋರ್ಡಿನ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಅಲ್ಲಿಯವರೇನೂ ಕೆಟ್ಟವರಲ್ಲ. ನಿವಾಸಿಗಳಿಗೆ ಆಫೀಸಿನಲ್ಲೂ ಮನೆಯಲ್ಲೂ ಕಂಪ್ಯೂಟರ್ ಇತ್ತು, ಕೆಳಗಿಳಿದು ಬರುವ ಅಗತ್ಯವಿರಲಿಲ್ಲ. ಮನೆಗೆಲಸದವರನ್ನು, ಕಾವಲುಗಾರರನ್ನು ಒಳಗೆ ಬಿಟ್ಟರೆ ವಸ್ತು ಹಾಳಾದೀತೆಂದು ಸಮಿತಿ ಬಿಟ್ಟಿರಲಿಲ್ಲ. "ಎಲ್ಲವೂ ಹೊಸದರ ಹಾಗೇ ಇದೆ ನೋಡಿ" ಎಂದು ಕಾರ್ಯದರ್ಶಿ ಹೆಮ್ಮೆಯಿಂದ ತೋರಿಸಿದರು.

ಕಂಡದ್ದನ್ನು ಕಂಡ ಹಾಗೆ ಬರೆದೆ. ನಾಲ್ಕರಲ್ಲಿ ಎರಡನ್ನು ಪಟರಿ ಬಸ್ತಿಗೆ ಕಳಿಸಬೇಕೆಂದೂ ಬರೆದೆ. ಮನೆಯಲ್ಲಿ ಗಂಡನಿಗೆ ಓದಿ ಹೇಳಿದಾಗ ಅವರು, ನಿನ್ನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ ಎಂದಷ್ಟೇ ನೆನಪಿಸಿದರು. ಬೇಡ ಎನ್ನಲಿಲ್ಲ.

ಖನ್ನಾ ಸಾಹೇಬರು ವರದಿಯನ್ನು ನನ್ನ ಮುಂದೆಯೇ ಓದಿದರು. ಮೊದಲ ಪುಟ ಮುಗಿಸಿ ಕನ್ನಡಕ ತೆಗೆದರು.

"ಇದು ಮೇಲೆ ಹೋದರೆ ಮೊದಲು ಸಿಕ್ಕಿಬೀಳುವುದು ನೀವು. ಇಲ್ಲಿ ಹಸಿರು, ಅಲ್ಲಿ ಕೆಂಪು ಹಾಕಿದ್ದು ನೀವೇ ಅಲ್ಲವೇ?"

"ಹೌದು ಸರ್. ಅದೂ ಇದೆ, ಎರಡನೇ ಪುಟದಲ್ಲಿ."

ಅವರು ಎರಡನೇ ಪುಟ ಓದಿದರು. ಈಗ ಹಾಳೆ ಹರಿಯುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ಏನೋ ಬರೆದು ಹಾಳೆಯನ್ನು ನನ್ನತ್ತ ತಿರುಗಿಸಿದರು. 'ತಪ್ಪು ಉತ್ತರಗಳು ಬಂದದ್ದು ತಪ್ಪು ಪ್ರಶ್ನೆಗಳಿಂದ. ಪ್ರಶ್ನಾವಳಿ ನನ್ನದು' ಎಂದು ಹಸಿರು ಶಾಯಿಯಲ್ಲಿತ್ತು. "ಟೈಪ್ ಮಾಡಿಸಿ ಕಳಿಸಿ" ಎಂದರು. ಬಡ್ತಿಗಳ ಮಾತು ಬೇಡ ಎಂದೆನಲ್ಲ, ಅವರಿಗೆ ಬರಬೇಕಿದ್ದುದು ಆ ವರ್ಷ ಬರಲಿಲ್ಲ. ನನ್ನನ್ನು ಆ ಚಳಿಗಾಲ ಪೂರ್ತಿ ಹಳೆಯ ಕಡತ ಜೋಡಿಸಲು ಕೂರಿಸಿದರು. ಗುತ್ತಿಗೆ ಮಾತ್ರ ಮುಂದುವರಿಯಿತು. ಅದನ್ನು ಯಾರು ಹೇಳಿ ಮುಂದುವರಿಸಿದರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ವರದಿಯಲ್ಲಿ ಕೇಳಿದ್ದ ಎರಡು ಯಂತ್ರಗಳು ಪಟರಿ ಬಸ್ತಿ ಮುಟ್ಟಿದ್ದು ಏಪ್ರಿಲ್ ತಿಂಗಳಲ್ಲಿ. ಬೀಗದ ಕೋಣೆ ಇಲ್ಲವೆಂದು ನಾನು ಬರೆದಿದ್ದೆನಲ್ಲ, ಫೂಲ್ವತಿ ತನ್ನ ಮಲಗುವ ಕೋಣೆಯನ್ನೇ ಖಾಲಿ ಮಾಡಿಕೊಟ್ಟು ಮಂಚವನ್ನು ಗಲ್ಲಿಗೆ ಹಾಕಿಕೊಂಡಳು. ಹತ್ತನೇ ತರಗತಿ ಮುಗಿಸಿದವರಿಲ್ಲವೆಂದೂ ಬರೆದಿದ್ದೆ. ಅವಳ ಸೊಸೆ ಸುನೀತಾ ಹತ್ತು ಪಾಸಾಗಿದ್ದಳು. ನಾನು ಬೇವಿನ ಮರದಡಿ ಗಂಡಸರನ್ನು ಕೇಳುತ್ತಿದ್ದಾಗ ಅವಳು ಪರದೆಯ ಹಿಂದೆ ನಿಂತು ಕೇಳಿಸಿಕೊಂಡಿದ್ದಳಂತೆ. "ನೀವು ನನ್ನನ್ನು ಕೇಳಲಿಲ್ಲ" ಎಂದಳು. ಅದರಲ್ಲಿ ದೂರು ಇರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ನಾನು ವಾರಕ್ಕೆ ಎರಡು ದಿನ ಕಲಿಸಲು ಹೋಗುತ್ತಿದ್ದೆ. ಕಲಿಸಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಜನ ಬಂದು ಸ್ಟೂಲಿನ ಮೇಲೆ ಕೂತು ಹೇಳುವುದು, ಸುನೀತಾ ಹಿಂದಿ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಇಮೇಲ್ ಮಾಡುವುದು. ಅತ್ತ ಜಿಲ್ಲಾ ಪಟ್ಟಣದ ಸೈಬರ್ ಅಂಗಡಿಯಿಂದ ಯಾರಾದರೂ ಅದನ್ನು ಅಚ್ಚು ಹಾಕಿಸಿ ಹಳ್ಳಿಗೆ ಒಯ್ದು ಓದಿ ಹೇಳುವುದು. ಯಾರ ಮನೆಗೆ ಯಾವ ಊರಿನ ಯಾವ ಅಂಗಡಿ ಎಂಬುದನ್ನು ಫೂಲ್ವತಿ ತನ್ನ ನೋಟುಬುಕ್ಕಿನ ಮೇಕೆ, ಬಕೆಟ್ಟುಗಳ ಪಕ್ಕದಲ್ಲಿ ಮತ್ತೊಂದು ಚಿತ್ರ ಬರೆದು ಇಟ್ಟುಕೊಂಡಳು. ಬರೆಯಲು ಬಾರದವರು ಕಾಗದ ಕಳಿಸಬಹುದೇ ಎಂಬ ಪ್ರಶ್ನೆಗೆ ಅವಳೇ ಉತ್ತರ ಹುಡುಕಿಕೊಂಡಳು.

ಜೂನ್ ತಿಂಗಳ ಒಂದು ದಿನದ್ದನ್ನು ಮಾತ್ರ ವಿವರವಾಗಿ ಹೇಳಬೇಕು. ರಾಮ್‌ಸೇವಕ್ ಎಂಬುವನು ಪಕ್ಕದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಬಿಹಾರದ ಹಳ್ಳಿಯಲ್ಲಿ ಅವನ ಹೆಂಡತಿಗೆ ಮಗಳು ಹುಟ್ಟಿ ಏಳು ತಿಂಗಳಾಗಿತ್ತು. ಎರಡು ಸಲ ರಜೆ ಕೇಳಿದ್ದ, ಎರಡು ಸಲವೂ ಸಿಕ್ಕಿರಲಿಲ್ಲ. ಮಗುವನ್ನು ಅವನು ನೋಡಿರಲೇ ಇಲ್ಲ. ಅವನ ಭಾವಮೈದುನ ಮಗುವಿನ ಫೋಟೋ ತೆಗೆಸಿ, ಪಟ್ಟಣದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದ್ದೇನೆಂದು ಬೂತಿಗೆ ಫೋನ್ ಮಾಡಿದ. ರಾಮ್‌ಸೇವಕ್ ಊಟದ ಬಿಡುವಿನಲ್ಲಿ ಓಡಿಬಂದ. ಅವತ್ತು ನಾನು ಅಲ್ಲೇ ಇದ್ದೆ.

ಆಗಿನ ಫೋನ್ ಲೈನಿನಲ್ಲಿ ಚಿತ್ರ ಒಮ್ಮೆಲೇ ಬರುತ್ತಿರಲಿಲ್ಲ, ಮೇಲಿನಿಂದ ಕೆಳಗೆ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಸ್ಟುಡಿಯೋದ ನೀಲಿ ಪರದೆ ಬಂತು. ಆಮೇಲೆ ಕಪ್ಪು ಕೂದಲು. ಹಣೆಯ ಬದಿಗೆ ಇಟ್ಟ ದೊಡ್ಡ ಕಾಡಿಗೆಯ ಬೊಟ್ಟು. ಬಾಗಿಲಲ್ಲಿ ಜನ ಗುಂಪು ಕಟ್ಟಿದ್ದರು. ಹುಬ್ಬಿನವರೆಗೆ ಬಂದಾಗ ವೋಲ್ಟೇಜು ಕುಸಿದು ಕಂಪ್ಯೂಟರಿನ ಪರದೆ ಕಪ್ಪಾಯಿತು. ಮತ್ತೆ ಶುರು ಮಾಡಿದೆವು. ಮತ್ತೆ ನೀಲಿ ಪರದೆ, ಕೂದಲು, ಬೊಟ್ಟು. ಮತ್ತೆ ಹುಬ್ಬಿನ ಹತ್ತಿರ ಕಪ್ಪು. ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ರಾಮ್‌ಸೇವಕ್ ಎದ್ದ. "ಹಣೆ ಕಂಡಿತು" ಎಂದ. ಯಾರನ್ನೂ ನೋಡದೆ ಹೊರಟುಹೋದ.

ಫೂಲ್ವತಿ ಗಲ್ಲಿಗಿಳಿದಳು. ಎಲ್ಲ ಮನೆಗಳದೂ ಒಂದೇ ತಂತಿ. ಫ್ಯಾನು, ಟೀವಿ, ಕೂಲರುಗಳು ಎಳೆದಂತೆ ವೋಲ್ಟೇಜು ಇಳಿಯುತ್ತಿತ್ತು. ಅವಳು ಮನೆಮನೆಗೆ ಹೋಗಿ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಒಂದೊಂದಾಗಿ ಫ್ಯಾನುಗಳ ಸದ್ದು ನಿಲ್ಲುವುದು ಕೇಳಿಸಿತು. ಮೊದಲು ಎದುರು ಮನೆ, ಆಮೇಲೆ ಪಕ್ಕದ್ದು, ಆಮೇಲೆ ಗಲ್ಲಿಯ ಕೊನೆಯವರೆಗೆ. ದೆಹಲಿ ಸುತ್ತಲಿನ ಜೂನ್ ತಿಂಗಳ ಮಧ್ಯಾಹ್ನ ಎಂದರೆ ಏನೆಂದು ಅಲ್ಲಿ ಬಾಳಿದವರಿಗೆ ಹೇಳಬೇಕಿಲ್ಲ. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡಸರು ಎದ್ದು ಗಮ್ಚಾ ಎಂಬ ತೆಳು ಟವೆಲನ್ನು ಒದ್ದೆ ಮಾಡಿ ಹೊದ್ದು ಬೇವಿನ ಮರದಡಿ ಕೂತರು. ಬಾಣಂತಿಯೊಬ್ಬಳು ಕೂಸಿಗೆ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಳು. ಯಾರೂ ಬೈಯಲಿಲ್ಲ. ಇನ್ನೂ ಎಷ್ಟು ಹೊತ್ತು ಎಂದು ಕೂಡ ಯಾರೂ ಕೇಳಲಿಲ್ಲ.

ವೋಲ್ಟೇಜು ನಿಂತಿತು, ಆದರೆ ಫೋನ್ ಲೈನು ಕೈಕೊಡುತ್ತಲೇ ಇತ್ತು. ಸುನೀತಾ ಮತ್ತೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ನಾಲ್ಕು ಗಂಟೆ ದಾಟಿದ ಮೇಲೆ ಚಿತ್ರ ಹುಬ್ಬು ದಾಟಿತು, ಕಣ್ಣು ದಾಟಿತು, ಕೊನೆಗೆ ಪುಟ್ಟ ಕಾಲ್ಗಡಗದವರೆಗೆ ಇಳಿದು ನಿಂತಿತು. ನಾನು ಅದನ್ನು ಯಂತ್ರದಲ್ಲಿ ಉಳಿಸಿದೆ. ಇನ್ನು ಫ್ಯಾನು ಹಾಕಿಕೊಳ್ಳಬಹುದು ಎಂದೆ. ಫೂಲ್ವತಿ ಬೇಡವೆಂದು ತಲೆಯಾಡಿಸಿದಳು. "ಅವನು ನೋಡಲಿ, ಆಮೇಲೆ" ಎಂದಳು.

ಐದೂವರೆಗೆ ರಾಮ್‌ಸೇವಕ್ ಗಲ್ಲಿಗೆ ಬಂದಾಗ ಫ್ಯಾನಿಲ್ಲದ ಮನೆಗಳನ್ನೂ ಬೆವರಿ ಕೂತ ಜನರನ್ನೂ ನೋಡಿ ಏನೋ ಕೆಟ್ಟದ್ದಾಗಿದೆ ಎಂದುಕೊಂಡು ನಿಂತುಬಿಟ್ಟ. ಬಾ ಎಂದು ಕರೆದರು. ಅವನು ಮೊದಲು ಕೈಪಂಪಿನ ಹತ್ತಿರ ಹೋಗಿ, ಎಣ್ಣೆ ಕಪ್ಪಿನ ಕೈಗಳನ್ನು ಸೋಪು ಹಚ್ಚಿ ಮೊಣಕೈವರೆಗೆ ತೊಳೆದ, ಮುಖ ತೊಳೆದ. ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ತುಂಬ ಹೊತ್ತು ನೋಡಿದ. ಬೆರಳು ಪರದೆಯ ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

"ನಮ್ಮಮ್ಮನ ಮೂಗು" ಎಂದ.

ಆ ಮಾತು ಬಾಗಿಲಿಂದ ಗಲ್ಲಿಗೆ, ಗಲ್ಲಿಯಿಂದ ಮರದಡಿಗೆ ಹೋಯಿತು. ನೋಡಿದನಂತೆ, ಅಮ್ಮನ ಮೂಗಂತೆ. ಅದು ಕೊನೆಯ ಮನೆ ಮುಟ್ಟಿದ್ದೇ ತಡ, ಮಧ್ಯಾಹ್ನದಿಂದ ಬೆಂದಿದ್ದ ಜನ ಎಲ್ಲರೂ ಒಟ್ಟಿಗೆ ಸ್ವಿಚ್ಚು ಹಾಕಿದರು. ಕಂಬದ ಮೇಲೆ ಢಬ್ ಎಂದು ಸದ್ದಾಗಿ ಇಡೀ ಬಸ್ತಿಯ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಸುನೀತಾ ಹೆದರಿ ನನ್ನ ಮುಖ ನೋಡಿದಳು. ರಾಮ್‌ಸೇವಕ್ ಮಾತ್ರ ಸ್ಟೂಲಿನಿಂದ ಏಳಲಿಲ್ಲ, ಆ ಕಪ್ಪು ಪರದೆಯನ್ನೇ ನೋಡುತ್ತಾ ನಗುತ್ತಿದ್ದ.

"ಇರಲಿ ಬಿಡಿ, ದೀದಿ" ಎಂದ, "ಈಗ ಕಣ್ಣು ಮುಚ್ಚಿದರೂ ಕಾಣುತ್ತಾಳೆ."